ಗಾಳಿ ದಕ್ಷಿಣಕ್ಕೆ ತಿರುಗಿದ ಭಾನುವಾರ

ಹಿರಿಯೂರು
ಫೆಬ್ರವರಿ ೯, ಭಾನುವಾರ

ಪ್ರೀತಿಯ ರಂಜಿತಾ,

ಕ್ಷೇಮ ಸಮಾಚಾರ ಕೇಳುವ ಮೊದಲೇ ಬೈಸಿಕೊಳ್ಳಲು ತಯಾರಾಗಿ ಕುಳಿತಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಅದಕ್ಕೂ ಮೊದಲು ನೀನು ಎಷ್ಟು ಸಲ ಫೋನ್ ಮಾಡಿದ್ದೀಯೆಂದು ನನ್ನ ಫೋನೇ ಹೇಳುತ್ತದೆ. "ಫೋನ್ ಎತ್ತದವಳು ಅಂಚೆಯವನ ಕೈಗಾದರೂ ಸಿಕ್ಕಿಬೀಳುತ್ತೀಯೇನೋ ನೋಡೋಣ" ಎಂದು ಬರೆದಿದ್ದೆ. ಸಿಕ್ಕಿಬಿದ್ದಿದ್ದೇನೆ. ಹಾಸ್ಟೆಲಿನಲ್ಲಿದ್ದಾಗ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಿಂದ ನಿಮ್ಮಪ್ಪ ಬರೆಯುತ್ತಿದ್ದ ಕಾಗದಗಳನ್ನು ಇಬ್ಬರೂ ಸೇರಿ ಓದುತ್ತಿದ್ದೆವಲ್ಲ, ನಿನ್ನ ಅಕ್ಷರ ಈಗ ಥೇಟ್ ಅವರದರಂತೆಯೇ ಆಗಿದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವ್ವನ ಬಲಗಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, "ಇಷ್ಟು ಇಳಿದು ಹೋಗಿದ್ಯಾ, ನನಗೆ ಯಾರೂ ಹೇಳ್ಲೇ ಇಲ್ಲ" ಅಂದಳು. ನಮ್ಮ ಕಚೇರಿಯ ಸೂರು ಇನ್ನೂ ಸೋರುತ್ತದೆ. ಊರಿಗೆಲ್ಲ ಮಳೆಯ ಮುನ್ಸೂಚನೆ ಕೊಡುವವರ ಮೇಜಿನ ಮೇಲೆಯೇ ಬಕೆಟ್ ಇಟ್ಟಿರುವುದನ್ನು ನೋಡಿ ಮೊನ್ನೆ ಬಂದ ರೈತರು ನಕ್ಕರು. ವಾರಕ್ಕೆ ಎರಡು ಸಲ ಅದೇ ಕೆಲಸ: ಇಷ್ಟು ಮಿಲಿಮೀಟರ್ ಬರಬಹುದು, ಶೇಂಗಾ ಕೀಳಬೇಡಿ, ಈರುಳ್ಳಿ ಮುಚ್ಚಿಡಿ.

ನೀನು ಕಾಗದದ ಜೊತೆ ಪತ್ರಿಕೆಯ ತುಣುಕನ್ನು ಕಳಿಸಿದ್ದೀಯ. ಕುರಿ ಸಾಕಣೆದಾರರ ಸಂಘದವರು ನನಗೆ ಶಾಲು ಹೊದಿಸುತ್ತಿರುವ ಫೋಟೋ. ಕೆಳಗೆ ನಿನ್ನ ಕೈಯಿಂದ, "ನಾನು ಹೇಳಿದ್ದು ಒಬ್ಬರಿಗಾದರೂ ನಿಜವಾಗಿ ಉಪಯೋಗವಾಯಿತು ಅಂತ ಮೊದಲ ಸಲ ಗೊತ್ತಾಯಿತು. ಏನೇನಾಯಿತು, ಎಲ್ಲ ಬರಿ" ಎಂದು. ವರ್ಷವಿಡೀ ಆ ಕಡಲ ದಂಡೆಯ ಹವಾಮಾನ ಕಚೇರಿಯಲ್ಲಿ ಕುಳಿತು ಮೋಡ ಸುತ್ತುವುದನ್ನು ನೋಡುವವಳು ನೀನು. ನಿನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ತಿಳಿಯುವ ಹಕ್ಕು ನಿನಗಿದೆ. ಬರೆಯುತ್ತೇನೆ.

ನಮ್ಮಪ್ಪ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಕುರಿ ಹೊಡೆದುಕೊಂಡು ಹೊರಡುವುದು ನಿನಗೆ ಗೊತ್ತು. ಮೊದಲೆಲ್ಲ ದಾವಣಗೆರೆಯ ನಾಲೆ ಕಡೆ ಹೋಗುತ್ತಿದ್ದರು. ಈಗ ನಾಲ್ಕು ವರ್ಷದಿಂದ ನಮ್ಮೂರು ಹರಿಯಬ್ಬೆಯಲ್ಲೇ ಲಾರಿಗೆ ಹತ್ತಿಸಿ ನೆಲ್ಲೂರಿನ ಆಚೆ ಇಳಿಸುತ್ತಾರೆ. ಅಲ್ಲಿನ ರೈತರು ನಾಟಿಗೆ ಮುಂಚೆ ಗದ್ದೆಯಲ್ಲಿ ಮಂದೆ ಕೂರಿಸಿಕೊಳ್ಳುತ್ತಾರೆ. ಅವರಿಗೆ ಗೊಬ್ಬರ, ನಮ್ಮ ಕುರಿಗೆ ಮೇವು. ಈ ಸಲ ಅಪ್ಪನ ಮಂದೆಯಲ್ಲಿ ನೂರ ಎಂಬತ್ತಾರು ಕುರಿ ಇದ್ದವು. ನಾಗಣ್ಣ ದೊಡ್ಡಪ್ಪನವು ಇನ್ನೂರಕ್ಕೂ ಮೇಲೆ. ನಾಗಣ್ಣ ಅಂದರೆ ಅಪ್ಪನ ದೊಡ್ಡಪ್ಪನ ಮಗ, ಅಪ್ಪನಿಗಿಂತ ಆರು ವರ್ಷಕ್ಕೆ ದೊಡ್ಡವನು. ಹುಡುಗರಾಗಿದ್ದಾಗಿನಿಂದ ಇಬ್ಬರೂ ಒಟ್ಟಿಗೇ ಮಂದೆ ಹೊಡೆದವರು. ಈ ಸಲ ಮೇವು ತೆಳುವಾಗಿತ್ತೆಂದು ಬೇರೆ ಬೇರೆ ಬಿಟ್ಟಿದ್ದರು. ಅಪ್ಪ ಹೆದ್ದಾರಿಯ ಹತ್ತಿರ, ನಾಗಣ್ಣ ಮತ್ತು ಅವನ ಹೆಂಡತಿ ಓಬಮ್ಮ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಮೂಡಲಿಗೆ, ಸಮುದ್ರದ ಕಡೆ.

ನವೆಂಬರ್ ಕೊನೆಯ ಶುಕ್ರವಾರ ವಾಯುಭಾರ ಕುಸಿತ ಚಂಡಮಾರುತವಾಯಿತು. ಅದಕ್ಕೆ ಇಟ್ಟ ಹೆಸರಿಗೆ ಇಲ್ಲಿ ಯಾರ ನಾಲಿಗೆಯೂ ಹೊರಳಲಿಲ್ಲ. ಎಲ್ಲರೂ ಅದನ್ನು "ಸೈಕ್ಲೋನು" ಅಂದರು. ಹಿರಿಯೂರಿಗೆ ಸೈಕ್ಲೋನು ಎಂದರೆ ಮೂರು ದಿನದ ಜಡಿಮಳೆ, ಕಣದಲ್ಲಿ ರಾಗಿ ಮೊಳಕೆ ಬರುವುದು, ಅಷ್ಟೆ. ಕಡಲನ್ನು ಕಣ್ಣಿನಿಂದ ನೋಡದವರೇ ನಮ್ಮಲ್ಲಿ ಹೆಚ್ಚು. ಶನಿವಾರದವರೆಗೆ ನಕ್ಷೆಗಳೆಲ್ಲ ಅದು ಉತ್ತರಕ್ಕೆ ಹೋಗುತ್ತದೆ ಎಂದೇ ತೋರಿಸುತ್ತಿದ್ದವು. ಅಪ್ಪನಿಗೂ ಹಾಗೇ ಹೇಳಿದ್ದೆ. ಮೇಯಿಸಿಕೊಂಡು ಇರಪ್ಪ, ನಿಮ್ಮ ಕಡೆ ಒಂದೆರಡು ಹದ ಮಳೆ ಬಂದರೆ ಹೆಚ್ಚು ಅಂದಿದ್ದೆ.

ಭಾನುವಾರ ನಾಲ್ಕು ಗಂಟೆಗೆ ನೀನು ಫೋನ್ ಮಾಡಿದಾಗ ನಾನು ಬಟ್ಟೆ ಒಗೆಯುತ್ತಿದ್ದೆ. ನಿನ್ನ ದನಿಯಲ್ಲಿ ಯಾವ ಗಾಬರಿಯೂ ಇರಲಿಲ್ಲ, ಆದರೆ ಹೇಗಿದ್ದೀಯ ಎಂದು ನೀನು ಕೇಳಲಿಲ್ಲ; ಆಗಲೇ ನನಗೆ ಅರ್ಥವಾಯಿತು. ಅದು ನಿಧಾನವಾಗಿದೆ, ತಿರುಗುತ್ತಿದೆ, ಮಂಗಳವಾರ ಬೆಳಿಗ್ಗೆ ನೆಲ್ಲೂರಿನ ನೇರಕ್ಕೇ ಬಂದು ದಾಟಬಹುದು, ಸಂಜೆಯ ಬುಲೆಟಿನ್ನಿನಲ್ಲಿ ಬರುತ್ತದೆ ಎಂದು ನೀನು ಅಂದೆ. ನಿಮ್ಮಪ್ಪ ಎಲ್ಲಿದ್ದಾರೆ ಎಂದು ಆಮೇಲೆ ಕೇಳಿದೆ. ನಾನು ಹೇಳಿದೆ. ನೀನು, "ಅಲ್ಲಿಂದ ಏಳಿಸು, ಅನು" ಅಂದೆ.

ಕುರಿಗೆ ಗಾಳಿಗಿಂತ ನೆನೆಯುವುದೇ ಕೇಡು. ಉಣ್ಣೆ ನೀರು ಹೀರಿಕೊಂಡು ಭಾರವಾಗುತ್ತದೆ, ಚಳಿ ಹಿಡಿಯುತ್ತದೆ, ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ. ಒಳಗಿನವು ಉಸಿರು ಕಟ್ಟಿ ಸಾಯುತ್ತವೆ, ಹೊರಗಿನವು ಚಳಿಗೆ. ಆದ್ದರಿಂದ ಎತ್ತರದ ಜಾಗವಿದ್ದರೆ ಸಾಲದು, ಸೂರೂ ಬೇಕು. ಒದ್ದೆ ಕೈಯಲ್ಲೇ ಲ್ಯಾಪ್‌ಟಾಪ್ ತೆಗೆದು ಉಪಗ್ರಹದ ನಕ್ಷೆಯಲ್ಲಿ ಅಪ್ಪನಿದ್ದ ಕಡೆಯಿಂದ ಪಡುವಲಿಗೆ ಒಂದೊಂದೇ ಊರು ನೋಡುತ್ತಾ ಹೋದೆ. ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ, ಗುಡ್ಡದ ಬುಡಕ್ಕೆ, ಸಾಲಾಗಿ ನಾಲ್ಕು ಚೌಕದ ಸೂರು ಕಂಡವು. ಹೊಗೆಸೊಪ್ಪು ಒಣಗಿಸುವ ಇಟ್ಟಿಗೆ ಮನೆಗಳು. ಆ ಬೆಳೆ ಕೈಗೆ ಬರುವುದು ಸಂಕ್ರಾಂತಿಯ ಮೇಲೆ, ಅಲ್ಲಿಯವರೆಗೆ ಅವು ಖಾಲಿ. ಆ ಊರಿನ ಅಂಗಡಿಯೊಂದರ ನಂಬರು ಹುಡುಕಿ, ಅವರಿಂದ ಮಾಲೀಕರ ನಂಬರು ಪಡೆದು, ಅವ್ವನಿಂದ ಕಲಿತ ಮುರುಕು ತೆಲುಗಿನಲ್ಲಿ ಮಾತಾಡಿದೆ. ಅವರು ವಯಸ್ಸಾದವರು. ಕುರಿ ಎಂದರೆ ಗಲೀಜು ಮಾಡುತ್ತವಲ್ಲಮ್ಮ ಅಂದರು. ಗುಡಿಸಿ ಕೊಡುತ್ತಾರೆ ಅಂದೆ. ನಿಮ್ಮಪ್ಪನ ಹೆಸರೇನು ಎಂದು ಕೇಳಿದರು. ಜುಂಜಪ್ಪ ಅಂದೆ. ಬರಹೇಳು ಅಂದರು. ಅಷ್ಟೇ ಮಾತು.

ಅಪ್ಪನ ಫೋನು ಹಳೆಯ ಕೀಪ್ಯಾಡಿನದು, ಚಹಾ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಎರಡೆರಡು ದಿನ ಬಳಸುತ್ತಾನೆ. ಆರು ಗಂಟೆಗೆ ಸಿಕ್ಕಿದ. ಎಲ್ಲ ಹೇಳಿದೆ. ನಿನ್ನೆ ಮೇಯಿಸಿಕೊಂಡು ಇರು ಅಂದವಳು ಇವತ್ತು ಏಳು ಅನ್ನುತ್ತಿದ್ದೇನೆ ಎಂದು ನನಗೇ ನಾಚಿಕೆಯಾಗುತ್ತಿತ್ತು. ಅವನು ಆ ಮಾತನ್ನು ಎತ್ತಲೇ ಇಲ್ಲ. ಆಕಾಶ ನೋಡಿರಬೇಕು. "ಕುರಿ ಸಂಜೆಯಿಂದ ತಲೆ ಎತ್ತಿ ಮೂಡಲು ಕಡೆನೇ ನೋಡ್ತಾ ಅವೆ ಕಣವ್ವ. ಬೆಳಕು ಹರಿಯಕ್ಕೆ ಮುಂಚೆ ಎಬ್ಬಿಸ್ತೀನಿ" ಅಂದ. ಆಮೇಲೆ, "ನಾಗಣ್ಣಂಗೆ ಹೇಳ್ದ್ಯಾ? ನನ್ ಫೋನಿನಾಗೆ ಒಂದ್ ಕಡ್ಡಿ ಚಾರ್ಜ್ ಐತೆ. ನೀನೇ ಮಾಡ್ಬಿಡು" ಅಂದ.

ಸೋಮವಾರ ನಸುಕಿನಲ್ಲಿ ಅಪ್ಪ ಹೊರಡುವ ಮುಂಚೆ ಮತ್ತೆ ಕೇಳಿದ. ಮೂರು ಸಲ ಮಾಡಿದೆ, ಎತ್ತಲಿಲ್ಲ ಎಂದು ಹೇಳಿದೆ. ಹಾಗಾದರೆ ನಾನೇ ಹೋಗಿ ಎಬ್ಬಿಸಿಕೊಂಡು ಬರಲೇನು ಅಂದ. ಹನ್ನೆರಡು ಕಿಲೋಮೀಟರ್ ಆ ಕಡೆ, ಹನ್ನೆರಡು ಈ ಕಡೆ. ಅಷ್ಟರಲ್ಲಿ ಇವನ ಮಂದೆಗೇ ಹೊತ್ತು ಮೀರುತ್ತಿತ್ತು. ಬೇಡ, ಅಲ್ಲಿಯ ಊರಿನವರು ಹೇಳುತ್ತಾರೆ, ನೀನು ನಡಿ ಅಂದೆ. ಅವನು ನಡೆದ.

ಆ ದಿನ ಮಧ್ಯಾಹ್ನ ಒಂದಕ್ಕೇ ಮಳೆ ಹಿಡಿಯಿತು. ಇಪ್ಪತ್ತೆರಡು ಕಿಲೋಮೀಟರ್ ಕುರಿಗೆ ಒಂದೂವರೆ ದಿನದ ದಾರಿ. ಅಪ್ಪನೂ ಜೊತೆಗಿದ್ದ ಇನ್ನಿಬ್ಬರು ಕುರಿಗಾಹಿಗಳೂ ಮರಿಗಳನ್ನು ಕಂಬಳಿಯಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು, ಎಲ್ಲೂ ಮೇಯಲು ಬಿಡದೆ ಹೊಡೆದರು. ಕತ್ತಲಾಗುವ ಮುಂಚೆ ಹೊಗೆಸೊಪ್ಪಿನ ಮನೆ ಮುಟ್ಟಿದರು. ಆ ಹಿರಿಯರು ತಾವೇ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಕಟ್ಟಿಗೆ ಕೊಟ್ಟು, ಸೊಪ್ಪು ಒಣಗಿಸುವ ಒಲೆಯಲ್ಲೇ ಬೆಂಕಿ ಹಾಕಿಸಿದರು. ಕುರಿಗಳ ಮೈಯಿಂದ ಆವಿ ಏಳುತ್ತಿತ್ತು, ಒಳಗೆ ಹೊಗೆಸೊಪ್ಪಿನ ಘಾಟು, ಎಲ್ಲರೂ ಸೀನುತ್ತಿದ್ದೆವು, ಕುರಿಗಳೂ ಸೀನುತ್ತಿದ್ದವು ಎಂದು ಅಪ್ಪ ಆಮೇಲೆ ನಗುತ್ತಾ ಹೇಳಿದ.

ಮಂಗಳವಾರ ಕಚೇರಿಯಲ್ಲಿ ಬೆಳಗಿನಿಂದ ನಾನು ಪರದೆಯ ಮುಂದೆ ಕುಳಿತಿದ್ದೆ. ಹತ್ತೂವರೆಗೆ ಅದರ ಕಣ್ಣು ದಂಡೆಗೆ ತಾಗಿತು. ಇಲ್ಲಿ ಕಿಟಕಿಯ ಹೊರಗೆ ಸಣ್ಣಗೆ ಹನಿಯುತ್ತಿತ್ತು. ರಸ್ತೆಯಲ್ಲಿ ಒಬ್ಬ ಹೆಂಗಸು ತಲೆಗೆ ಗೋಣಿಚೀಲ ಮಡಿಸಿ ಹಾಕಿಕೊಂಡು ಎಮ್ಮೆ ಹೊಡೆದುಕೊಂಡು ಹೋದಳು. ಪರದೆಯ ಮೇಲೆ ಕೆಂಪು ಬಣ್ಣ ಇದ್ದ ಜಾಗದಲ್ಲಿ ಯಾರ್ಯಾರು ಇದ್ದಾರೆಂದು ನನಗೆ ಹೆಸರು ಹಿಡಿದು ಗೊತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ನಿನಗೆ ಹಾಗಾಗುವುದುಂಟೇ? ಅಥವಾ ಹೆಸರು ಗೊತ್ತಿಲ್ಲದಿರುವುದರಿಂದಲೇ ನಿನಗೆ ಆ ಕೆಲಸ ಮಾಡಲು ಆಗುತ್ತದೆಯೇ?

ಅಪ್ಪನ ಮಂದೆಯಲ್ಲಿ ಒಂಬತ್ತು ಕುರಿ ಹೋದವು, ನೂರ ಎಪ್ಪತ್ತೇಳು ಉಳಿದವು. ನಾಗಣ್ಣನವು ಉಳಿದದ್ದು ನಲವತ್ತೊಂದು.

ಅಲ್ಲಿ ಏನಾಯಿತೆಂಬುದನ್ನು ಓಬಮ್ಮ ದೊಡ್ಡವ್ವ ಊರಿಗೆ ಬಂದ ಮೇಲೆ ಅವ್ವನಿಗೆ ಹೇಳಿದ್ದು. ಸೋಮವಾರ ಮಧ್ಯಾಹ್ನದವರೆಗೆ ಅವರಿಗೆ ಏನೂ ತಿಳಿದಿರಲಿಲ್ಲ. ಗಾಳಿ ಉತ್ತರಕ್ಕೆ ಹೋಯಿತು ಎಂದು ಯಾರೋ ಮೊದಲೇ ಹೇಳಿದ್ದನ್ನು ನಂಬಿಕೊಂಡಿದ್ದರು. ಆಮೇಲೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದವರು ತೆಲುಗಿನಲ್ಲಿ ಕೂಗಿ, ಪಟ್ಟಿ ಹಿಡಿದು ಗುಡಿಸಲು ಗುಡಿಸಲಿಗೂ ಹೋಗಿ ಹೆಸರು ಕರೆದರಂತೆ. ಬೇರೆ ರಾಜ್ಯದಿಂದ ಬಂದು ಗದ್ದೆಯಲ್ಲಿ ಕುಳಿತ ಕುರಿಯವರು ಯಾವ ಪಟ್ಟಿಯಲ್ಲಿರುತ್ತಾರೆ? ಆದರೂ ಒಬ್ಬ ಬಂದು ಶಾಲೆಗೆ ಬನ್ನಿ ಅಂದ. ಕುರಿ ಅಂದರೆ, ಕುರಿಗೆ ಜಾಗವಿಲ್ಲ ಅಂದ. "ನೀನ್ ಹೋಗು ಅಂದ್ರು ಇವ್ರು ನನಗೆ. ಇವ್ರನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಸಿದ್ದಕ್ಕ" ಎಂದು ದೊಡ್ಡವ್ವ ಅವ್ವನ ಮುಂದೆ ಹೇಳಿದಳು. ಅಷ್ಟು ಹೊತ್ತಿಗೆ ಕಾಲುವೆ ತುಂಬಿ ದಾರಿ ಮುಚ್ಚಿತ್ತು. ಗದ್ದೆಯ ನಡುವೆ ಪಂಪ್‌ಸೆಟ್ಟಿನ ಗೋಡೆಯೊಂದಿತ್ತು. ಅದರ ಮರೆಯಲ್ಲಿ ಮಂದೆ ನಿಲ್ಲಿಸಿದರು. ಮಂಗಳವಾರ ಬೆಳಿಗ್ಗೆ ಆ ಗೋಡೆಯೇ ಬಿತ್ತು. ನಾಗಣ್ಣನ ಎಡಗಾಲು ಅದರ ಕೆಳಗೆ ಸಿಕ್ಕಿತು. ದೊಡ್ಡವ್ವ ಇಟ್ಟಿಗೆ ಒಂದೊಂದಾಗಿ ತೆಗೆದು ಎಳೆದುಕೊಂಡಳು. ಸಂಜೆ ದೋಣಿ ಬರುವವರೆಗೆ ಸೊಂಟದ ಮಟ್ಟದ ನೀರಿನಲ್ಲಿ ಅವನ ತಲೆ ಎತ್ತಿ ಹಿಡಿದು ಕುಳಿತಿದ್ದಳು. ಸುತ್ತ ಕುರಿಗಳು ತೇಲುತ್ತಿದ್ದವು. ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ತೆಗೆದರು.

ನಮ್ಮವರಲ್ಲಿ ಮಂದೆ ಕಳೆದುಕೊಂಡವನಿಗೆ ಎಲ್ಲರೂ ಒಂದೊಂದು ಹೆಣ್ಣು ಕುರಿ ಕೊಡುತ್ತಾರೆ. ಅಪ್ಪ ಊರೂರು ತಿರುಗಿ ಮೂವತ್ತೊಂದು ಕುರಿ ಕೂಡಿಸಿದ, ತಾನು ಎಂಟು ಕೊಟ್ಟ. ಆದರೆ ನಡೆಯಲಾರದವನಿಗೆ ಕುರಿ ಕೊಟ್ಟು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಈಗ ಅಪ್ಪನೇ ಅವನ್ನು ತನ್ನ ಮಂದೆಯ ಜೊತೆ ಮೇಯಿಸುತ್ತಿದ್ದಾನೆ. ಕಿವಿಗೆ ಬೇರೆ ಗುರುತು ಹಾಕಿದ್ದಾನೆ.

ಈ ನಾಗಣ್ಣನ ಹೆಸರನ್ನು ನೀನು ಮೊದಲೂ ಕೇಳಿದ್ದೀಯ. ನಮ್ಮ ಪ್ರಭು ಹೋಗಿ ಎಂಟು ವರ್ಷವಾಯಿತು. ಹಾಸ್ಟೆಲಿನ ಗೇಟಿನಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಹಿಡಿದು ನಿಂತು, ನಿನ್ನನ್ನು ಕಂಡರೆ "ರೈಲಕ್ಕ" ಎಂದು ಕರೆಯುತ್ತಿದ್ದ ನನ್ನ ತಮ್ಮ. ಆ ವರ್ಷ ಅಪ್ಪನಿಗೆ ಆಪರೇಷನ್ ಆಗಿತ್ತೆಂದು ಪ್ರಭು ನಾಗಣ್ಣನ ಮಂದೆಯ ಜೊತೆ ನಾಲೆ ಕಡೆಗೆ ಹೋದ. ಅಲ್ಲಿ ಜ್ವರ ಬಂತು. ನಾಗಣ್ಣ ಕಷಾಯ ಕೊಟ್ಟು, ಕಂಬಳಿ ಹೊದಿಸಿ, ಎರಡು ದಿನ ನೋಡಿದ. ಮನೆಯವರಿಗೆ ಗಾಬರಿ ಯಾಕೆ ಅಂತ ಫೋನ್ ಮಾಡಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಹೊರಟ ಟೆಂಪೋದಲ್ಲಿ ಪ್ರಭು ದಾರಿಯಲ್ಲೇ ಹೋಗಿಬಿಟ್ಟ. ಅಪ್ಪ ಒಂದು ವರ್ಷ ಮಾತಾಡಲಿಲ್ಲ, ಆಮೇಲೆ ಒಂದು ದಿನ ಹೋಗಿ ಅಣ್ಣನ ಪಕ್ಕ ಕುಳಿತ. ಅವ್ವ ಇನ್ನೂ ಎರಡು ವರ್ಷ ತೆಗೆದುಕೊಂಡಳು. ನಾನು ಯಾರ ಮುಂದೆಯೂ ಏನೂ ಹೇಳಲಿಲ್ಲ. ಅವರ ಮನೆಗೆ ಮಾತ್ರ ಹೋಗುತ್ತಿರಲಿಲ್ಲ.

ಸನ್ಮಾನದ ದಿನ ಭಾಷಣ ಮಾಡಿದವರು, ಈ ಹೆಣ್ಣುಮಗಳು ದೂರವಾಣಿಯ ಮೂಲಕ ಒಂದು ಮಂದೆಯನ್ನೇ ಬದುಕಿಸಿದಳು ಅಂದರು. ಚಪ್ಪಾಳೆ ಬಿತ್ತು. ಅಪ್ಪ ಮೊದಲ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕುಳಿತಿದ್ದ, ಕಣ್ಣು ಒರೆಸಿಕೊಂಡ. ಆ ಶಾಲು ನಿಜವಾಗಿ ನಿನ್ನದು. ನೀನು ಆ ಮಧ್ಯಾಹ್ನ ನೆನಪಿಟ್ಟುಕೊಂಡು ಫೋನ್ ಮಾಡದಿದ್ದರೆ ಅಪ್ಪ ಅಲ್ಲಿಯೇ ಇರುತ್ತಿದ್ದ. ಇದನ್ನು ನಾನು ಎಲ್ಲರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ.

ಬರೆಯುತ್ತಾ ಬಹಳವಾಯಿತು. ನಿನ್ನ ಮಗಳು ಅಂಜಲಿಗೆ ನನ್ನ ಮುತ್ತು. ಅವಳಿಗೆ ಒಳ್ಳೆಯದಾಗಲಿ, ನಿನ್ನಂತೆ ಬೇರೆಯವರನ್ನು ನೆನಪಿಟ್ಟುಕೊಳ್ಳುವ ಬುದ್ಧಿ ಬರಲಿ. ಅವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬೇಸಿಗೆಯಲ್ಲಿ ಚಿಕ್ಕಜಾಜೂರಿಗೆ ಬಂದರೆ ಎರಡು ದಿನ ಇಲ್ಲಿಗೂ ಬಾ.

ನಿನ್ನ
ಅನುಪಮಾ

ಮರೆತ ಮಾತು: ಮರೆತದ್ದಲ್ಲ ರಂಜಿ, ಬಿಟ್ಟದ್ದು. ಮೇಲೆ, "ಮೂರು ಸಲ ಮಾಡಿದೆ, ಎತ್ತಲಿಲ್ಲ ಎಂದು ಹೇಳಿದೆ" ಎಂದು ಬರೆದಿದ್ದೇನೆ. ಅಪ್ಪನಿಗೆ ಹಾಗೆ ಹೇಳಿದ್ದು ನಿಜ. ಫೋನ್ ಮಾಡಿದ್ದು ಸುಳ್ಳು. ಒಂದು ಸಲವೂ ಮಾಡಲಿಲ್ಲ. ಭಾನುವಾರ ಸಂಜೆ ನಂಬರು ತೆಗೆದು ಅವನ ಹೆಸರು ನೋಡುತ್ತಾ ಕುಳಿತೆ. ಪ್ರಭುವಿನ ಆ ಎರಡು ದಿನ ಕಣ್ಣೆದುರಿಗೆ ಬಂತು. ನಾಳೆ ಮಾಡಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಅಪ್ಪ ಕೇಳಿದಾಗ ಸುಳ್ಳು ತಾನಾಗಿ ಬಾಯಿಗೆ ಬಂತು, ಆಮೇಲೆ ಅದನ್ನು ನಿಜ ಮಾಡಲು ಇಡೀ ಸೋಮವಾರ ಇತ್ತು. ಆಗಲೂ ಮಾಡಲಿಲ್ಲ. ಸಾಯಲಿ ಎಂದು ನಾನು ಅಂದುಕೊಳ್ಳಲಿಲ್ಲ, ನಂಬು. ಏನೂ ಅಂದುಕೊಳ್ಳದೆ ಸುಮ್ಮನಿದ್ದೆ.

ಜನವರಿಯಲ್ಲಿ ಅಪ್ಪ ಹಟ ಹಿಡಿದು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದ. ನಾಗಣ್ಣ ಮಂಚದ ಮೇಲೆ ಕುಳಿತಿದ್ದ, ಕಾಲಿನ ಮೇಲೆ ಕಂಬಳಿ. ಅಪ್ಪ ಮಾತಿನ ನಡುವೆ ಕೇಳಿಯೇ ಬಿಟ್ಟ: "ಹುಡುಗಿ ಮೂರು ಸಲ ಫೋನ್ ಮಾಡಿದ್ಲಂತೆ, ಯಾಕಣ್ಣ ಎತ್ಲಿಲ್ಲ?" ಓಬಮ್ಮ ದೊಡ್ಡವ್ವ ಚಹಾ ಸೋಸುತ್ತಿದ್ದವಳು ತಿರುಗಿ, ಫೋನು ದಿನವೆಲ್ಲ ನನ್ನ ಎಲೆಅಡಿಕೆ ಚೀಲದಲ್ಲೇ ಇತ್ತಲ್ಲ, ಎಂದು ಶುರುಮಾಡಿದಳು. ನಾಗಣ್ಣ ಅವಳನ್ನು ಕೈಯೆತ್ತಿ ನಿಲ್ಲಿಸಿದ. ನನ್ನ ಮುಖ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಹೂಂ ಕಣಪ್ಪ, ಮಾಡಿದ್ಲು. ನಾನೇ ಎತ್ಲಿಲ್ಲ" ಅಂದ. ನನಗೆ, "ಕುಂತ್ಕ ಬಾರವ್ವ" ಅಂದ.

ನಾನು ಕುಳಿತೆ. ಅವರ ಮನೆಯಲ್ಲಿ ಚಹಾ ಕುಡಿದೆ.

ಅಪ್ಪನಿಗೆ ಇನ್ನೂ ಗೊತ್ತಿಲ್ಲ. ನಿನಗೆ ಮೊದಲು ಬರೆದೆ, ಬರೆದರೆ ಬಾಯಿಂದ ಆಡುವುದು ಸುಲಭವಾಗಬಹುದೆಂದು. ಆಗಿಲ್ಲ. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕಿ, ಅಲ್ಲಿಂದಲೇ ಹರಿಯಬ್ಬೆಯ ಬಸ್ಸು ಹತ್ತುತ್ತೇನೆ. ಅಪ್ಪ ಈ ವಾರ ಊರಲ್ಲೇ ಇದ್ದಾನೆ.